ಮೂರನೆಯ ಸಿಲಿಂಡರ್

ಗ್ಯಾರೇಜಿನ ಹಿಂದಿನ ಕೋಣೆಯಿಂದ,
ಮಾರ್ಚ್ ೯, ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನವರ ಬೆನ್ನುನೋವು ಈಗ ವಾಸಿಯೇ? ಪುಟ್ಟಿಗೆ ಮುಂದಿನ ಎರಡು ಹಲ್ಲೂ ಒಟ್ಟಿಗೆ ಬಿದ್ದು, 'ಸಕ್ಕರೆ' ಅನ್ನಲು ಹೋಗಿ 'ಥಕ್ಕರೆ' ಅನ್ನುತ್ತಾಳಂತೆ. ಅಮ್ಮ ಫೋನಿನಲ್ಲಿ ಕೇಳಿಸಿಕೊಂಡು ಬಂದು ನಮಗೆಲ್ಲ ಅದನ್ನು ಆಡಿ ತೋರಿಸಿದಳು. ಇಲ್ಲಿ ಎಲ್ಲರೂ ಒಂದು ಮಟ್ಟಿಗೆ ಇದ್ದೇವೆ. ಅಮ್ಮನ ಮಂಡಿ ಮೆಟ್ಟಿಲು ಕಂಡರೆ ಮಾತ್ರ ತಕರಾರು ತೆಗೆಯುತ್ತದೆ. ಅಪ್ಪನ ಎಡಗಣ್ಣಿನ ಪೊರೆ ತೆಗೆಸಿದ್ದಾಯಿತು, ಬಲಗಣ್ಣಿಗೆ ಇನ್ನೂ ಆರು ತಿಂಗಳು ತಡೆಯಿರಿ ಅಂದಿದ್ದಾರೆ. ಕೈ ನಡುಕ ಹಾಗೇ ಇದೆ, ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟು ಎರಡು ವರ್ಷ ಆಯಿತು. ನೀನು ಭಾನುವಾರ ಅಮ್ಮನ ಹತ್ತಿರ ಮಾತಾಡುವಾಗ ಅಪ್ಪ ರೇಡಿಯೋ ಸದ್ದು ತಗ್ಗಿಸಿ, ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿ ಕೂರುತ್ತಾರೆ. ಅಮ್ಮ ಬೇಕೆಂದೇ ನೀನು ಹೇಳಿದ್ದನ್ನೆಲ್ಲ ಇನ್ನೊಂದು ಸಲ ಗಟ್ಟಿಯಾಗಿ ಹೇಳುತ್ತಾಳೆ. ಇದು ನಿನಗೆ ಗೊತ್ತಿರಲಿಕ್ಕಿಲ್ಲ.

ಇದೇನಿದು ಕಾಗದ ಅಂತ ನಿನಗೆ ಆಶ್ಚರ್ಯ ಆಗಿರಬೇಕು. ಈ ವಾರ ಮೂರು ಸಲ ನಿನಗೆ ಫೋನ್ ಮಾಡಿದೆ. ಮೂರು ಸಲವೂ ನೀನು 'ಹೇಳೋ' ಅಂದ ಕೂಡಲೇ ಅಲ್ಲಿ ಬಿಸಿಲು ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟೆ. ಮೂರನೆಯ ಸಲ ನೀನು 'ಏನೋ, ಹವಾಮಾನ ಇಲಾಖೆ ಸೇರಿಕೊಂಡ್ಯಾ?' ಅಂದೆ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬರೆಯುವಾಗಾದರೆ ನಿನ್ನ ದನಿ ಕೇಳಿಸುವುದಿಲ್ಲ, ಅಷ್ಟೇ ನನ್ನ ಧೈರ್ಯ. ನಿನಗೆ ಗೊತ್ತಿರುವುದನ್ನೂ ಇದರಲ್ಲಿ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿಂದ ಬರೆಯದಿದ್ದರೆ ನಡುವೆ ಎಲ್ಲಾದರೂ ನುಸುಳಿ ತಪ್ಪಿಸಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಹೋದ ವಾರ ಗುರುವಾರ ಬೆಳಗ್ಗೆ ನರ್ಸಮ್ಮ ಕಾರು ತಂದರು. ಅದೇ ನರ್ಸಮ್ಮ, ಅದೇ ಬೂದು ಬಣ್ಣದ ಡೀಸೆಲ್ ಕಾರು. ಹನ್ನೊಂದು ವರ್ಷ ಅವರು ನಮ್ಮ ಗ್ಯಾರೇಜಿನ ಕಡೆ ಮುಖ ಹಾಕಿರಲಿಲ್ಲ, ರೈಲ್ವೆ ಗೇಟಿನ ಆಚೆಯ ಗ್ಯಾರೇಜಿಗೆ ಹೋಗುತ್ತಿದ್ದರು. ಈಗ ಅದು ಮುಚ್ಚಿದೆ. ನರ್ಸಮ್ಮ ಕೆಲಸದಿಂದ ನಿವೃತ್ತರಾಗಿದ್ದಾರೆ, ತಲೆ ಪೂರ್ತಿ ಬೆಳ್ಳಗಾಗಿದೆ, ಬಾಯಿ ಮಾತ್ರ ಹಾಗೇ ಇದೆ. 'ಬೆಳಗ್ಗೆ ಎಬ್ಬಿಸೋಕೆ ಹತ್ತು ನಿಮಿಷ ಬೇಕಪ್ಪಾ. ಎದ್ದ ಮೇಲೂ ಕೆಮ್ಮು, ನಡುಕ. ನಂಗೂ ಇದಕ್ಕೂ ಒಂದೇ ಕಾಯಿಲೆ, ನಾನು ಹೊಗೆ ಬಿಡಲ್ಲ ಅಷ್ಟೇ' ಅಂದರು. ಅಪ್ಪ ಬಾಗಿಲ ಬಳಿ ತಮ್ಮ ಹಳೇ ಸೀಟಿನಲ್ಲಿ ಕೂತಿದ್ದರು. ದನಿ ಕೇಳಿದ ಕೂಡಲೇ ಯಾರೆಂದು ತಿಳಿದು ಎದ್ದು ನಿಂತರು. ನಾನು ಬಾನೆಟ್ ಎತ್ತಿ, ತಲೆಯನ್ನು ಅದರೊಳಗೆ ಹಾಕಿಬಿಟ್ಟೆ. ಅಲ್ಲಿ ನೋಡಲು ಏನೂ ಇರಲಿಲ್ಲ.

ಅಪ್ಪನದು ಮೊದಲಿಂದಲೂ ಒಂದೇ ಹಟ, ನಿನಗೆ ಗೊತ್ತಲ್ಲ. ಹಳೇ ಡೀಸೆಲ್ ಇಂಜಿನ್ ಬಂದರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚುವ ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯ ಒತ್ತಡ, ನೋಡಬೇಕು. ಎದೆಯಲ್ಲಿ ದಮ್ಮಿಲ್ಲದವನಿಗೆ ಮೂಗು ತೊಳೆದು ಏನು ಉಪಯೋಗ ಅನ್ನುತ್ತಿದ್ದರಲ್ಲ, ಅದೇ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಡೀಸೆಲ್ ಬರದ ಹಾಗೆ ಪಂಪಿನ ವೈರ್ ಎಳೆದು, ಮೊದಲನೆಯ ತೂತಿಗೆ ಗೇಜ್ ತಿರುಗಿಸಿ ಕೂರಿಸಿದೆ. ನರ್ಸಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಹೇಳಿದಾಗ ಸೆಲ್ಫ್ ಹೊಡೆಯಿರಿ, ಸಾಕು ಅಂದಾಗ ಬಿಡಿ ಅಂದೆ. ಅಪ್ಪ ಕೂತಲ್ಲಿಂದಲೇ 'ಒಂದು?' ಅಂದರು. ಮುನ್ನೂರ ಎಂಬತ್ತು ಅಂದೆ. 'ಎರಡು?' ಮುನ್ನೂರ ಎಪ್ಪತ್ತು. ಮೂರನೆಯದಕ್ಕೆ ಮುಳ್ಳು ಒಂದೊಂದೇ ಏಟಿಗೆ ಮೇಲೆ ಹತ್ತುತ್ತಾ ನಾನೂರ ಹತ್ತಕ್ಕೆ ಹೋಗಿ ನಿಂತಿತು. ಸಾಕು ಅನ್ನುವುದನ್ನೇ ಮರೆತೆ. ನರ್ಸಮ್ಮ ಸೆಲ್ಫ್ ಹೊಡೆಯುತ್ತಲೇ ಇದ್ದರು, ಅಪ್ಪ 'ಬ್ಯಾಟರಿ ಕಣೋ!' ಅಂತ ಕೂಗಿದರು. ನಾಲ್ಕನೆಯದು ಮುನ್ನೂರ ಎಪ್ಪತ್ತೈದು. ನಾಲ್ಕನ್ನೂ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದೆ. ನರ್ಸಮ್ಮ ಇಳಿದು ಬಂದು ಸೊಂಟಕ್ಕೆ ಕೈ ಕೊಟ್ಟು ಓದಿ, 'ಈ ಮೂರನೇದು ಮಾತ್ರ ಯಾಕೆ ಪಡ್ಡೆ ಹುಡುಗನ ಹಾಗಿದೆ?' ಅಂತ ಕೇಳಿದರು. ಅಪ್ಪ, 'ಅದೊಂದರ ಪಿಸ್ಟನ್ ಹೊಸದು. ಅವತ್ತು ಹಾಕಿದ್ದು' ಅಂದರು. ನಾನು ಗೇಜ್ ಒರೆಸುತ್ತಾ ನಿಂತೆ. ಮಿಕ್ಕ ಮೂರಕ್ಕಿಂತ ಆ ಮುಳ್ಳು ಎಷ್ಟು ಹೆಚ್ಚು ಹತ್ತಿತ್ತೋ ಅಷ್ಟೂ ನನ್ನ ಸುಳ್ಳಿನ ಅಳತೆ ಅಕ್ಕಾ.

ಈಗ ಅವತ್ತಿನದನ್ನು ಬರೆಯುತ್ತೇನೆ. ಆ ದಿನ ನೀನು ನಾಲ್ಕೂ ಇಂಜೆಕ್ಟರ್ ಬಿಚ್ಚಿ, ತೊಳೆದು, ಕೈಪಂಪಿನಲ್ಲಿ ಒಂದೊಂದನ್ನೂ ಪರೀಕ್ಷೆ ಮಾಡಿ, ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಜೋಡಿಸಿಟ್ಟಿದ್ದೆ. 'ನಾನು ಊಟ ಮಾಡಿ ಬಂದು ಹಾಕ್ತೀನಿ, ನೀನು ಮುಟ್ಟಬೇಡ' ಅಂತ ಹೇಳಿಯೇ ಹೋದೆ. ನನಗೆ ನಾಲ್ಕು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಇರಬೇಕಿತ್ತು. ಈಗ ನನ್ನ ಹೆಂಡತಿಯಾಗಿರುವವಳು ಅಲ್ಲಿ ಕಾಯುತ್ತೇನೆ ಅಂದಿದ್ದಳು, ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ನೀನು ಬಂದು ಹಾಕುವವರೆಗೆ ಕಾದರೆ ಹೊತ್ತಾಗುತ್ತದೆ ಅಂತ ನಾನೇ ಕೈ ಹಾಕಿದೆ. ನನ್ನನ್ನು ಗಡಿಬಿಡಿ ಅಂತ ನೀನು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಒಂದು, ಎರಡು ಹಾಕಿದೆ. ಮೂರನೆಯದು ಎಣ್ಣೆ ಕೈಯಿಂದ ಜಾರಿ ಸಿಮೆಂಟ್ ನೆಲದ ಮೇಲೆ ಮೂತಿ ಕೆಳಗಾಗಿ ಬಿತ್ತು. ಎತ್ತಿ ನೋಡಿದೆ, ಏನೂ ಆದ ಹಾಗೆ ಕಾಣಲಿಲ್ಲ. ಕೈಪಂಪಿಗೆ ಸಿಕ್ಕಿಸಿ ನಾಲ್ಕು ಸಲ ಒತ್ತಿದ್ದರೆ ಗೊತ್ತಾಗುತ್ತಿತ್ತು. ಐದು ನಿಮಿಷದ ಕೆಲಸ. ಮಾಡಲಿಲ್ಲ. ಅಂಗಿಗೆ ಒರೆಸಿ, ಹಾಕಿ, ಬಿಗಿದು, ಸ್ಟಾರ್ಟ್ ಮಾಡಿದೆ.

ನೀನು ಕೈ ಒರೆಸಿಕೊಳ್ಳುತ್ತಾ ಬಂದು ಸದ್ದು ಕೇಳಿ, 'ಮೂರರಲ್ಲಿ ಏನೋ ಸಣ್ಣ ಟಕ್ ಇದೆ, ಬಿಚ್ಚಿ ನೋಡೋಣ' ಅಂದೆ. ನಾನು 'ಪೈಪಲ್ಲಿ ಗಾಳಿ ಇರುತ್ತೆ, ಓಡಿದ್ರೆ ಹೋಗುತ್ತೆ' ಅಂದೆ. ಅಷ್ಟರಲ್ಲಿ ನರ್ಸಮ್ಮ ಬಂದರು, ಕಾರು ಹೋಯಿತು, ನಾನೂ ಹೋದೆ. ನೀನು ನನ್ನ ಮಾತು ನಂಬಿದೆ. ಹತ್ತೊಂಬತ್ತು ದಿನ ಆ ಇಂಜೆಕ್ಟರಿನ ಮೂತಿಯ ನಾಜಲ್ ಡೀಸೆಲ್ಲನ್ನು ಮಂಜಿನ ಹಾಗೆ ಸಿಂಪಡಿಸುವ ಬದಲು ಹನಿ ಹನಿ ತೊಟ್ಟಿಕ್ಕುತ್ತಾ ಪಿಸ್ಟನ್ ತಲೆಯನ್ನು ಸುಡುತ್ತಿತ್ತು. ಇಪ್ಪತ್ತನೆಯ ದಿನ ಕೆರೆ ತಿರುವಿನಲ್ಲಿ ಇಂಜಿನ್ ನಿಂತಿತು. ನರ್ಸಮ್ಮ ಔಷಧಿ ಚೀಲ ಹೊತ್ತು ಆರು ಕಿಲೋಮೀಟರ್ ಬಿಸಿಲಲ್ಲಿ ನಡೆದರು. ಅಪ್ಪ ಹೆಡ್ ಇಳಿಸಿದಾಗ ಮೂರನೆಯ ಪಿಸ್ಟನ್ನಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಟೈರ್ ಅಂಗಡಿಯವರು, ಲೇತ್‌ನವರು, ಸ್ಪೇರ್ ಪಾರ್ಟ್ಸ್‌ನವರು ಎಲ್ಲ ಬಂದು ಬಗ್ಗಿ ನೋಡುತ್ತಿದ್ದಾಗಲೇ ಅಪ್ಪ ನಿನಗೆ 'ಇನ್ನು ಮೇಲೆ ಆ ಬೆಂಚ್ ಮುಟ್ಟಬೇಡ' ಅಂದರು. ಇಂಜೆಕ್ಟರ್ ಹಾಕಿದ್ದೂ ನೀನೇ ಅಂತ ಅವರು ತಿಳಿದಿದ್ದರು. ನೀನು ತಿರುಗಿ ಒಂದು ಮಾತೂ ಆಡಲಿಲ್ಲ. ಸಂಜೆ ನಲ್ಲಿಯ ಹತ್ತಿರ ನಾನು ಕೈ ತೊಳೆಯುತ್ತಿದ್ದಾಗ ಬಂದು, 'ನೀನೇನಾದ್ರೂ ಬೀಳಿಸಿದ್ಯೇನೋ?' ಅಂತ ಮೆಲ್ಲಗೆ ಕೇಳಿದೆ. ಬೈಯುವ ದನಿಯೇ ಅಲ್ಲ ಅದು. ಹೌದು ಅಂದಿದ್ದರೆ ನನ್ನ ಪರವಾಗಿ ನೀನೇ ಅಪ್ಪನ ಹತ್ತಿರ ಮಾತಾಡುತ್ತಿದ್ದೆಯೋ ಏನೋ. ನಾನು ಸೋಪು ಉಜ್ಜುತ್ತಲೇ 'ಇಲ್ಲಪ್ಪ' ಅಂದೆ. ನೀನು ನನ್ನ ಮುಖ ನೋಡಿದೆ. ಎರಡನೆಯ ಸಲ ಕೇಳಲಿಲ್ಲ.

ನಿನಗೆ ಅವತ್ತೇ ಗೊತ್ತಾಗಿತ್ತು, ಅಲ್ಲವಾ ಅಕ್ಕಾ? ಗೊತ್ತಿದ್ದೂ ಹೇಳದೆ ಹೋದೆ. ಚಿಕ್ಕಮ್ಮನ ಊರಿಗೆ ಹೋಗಿ ಆ ಕೋಲ್ಡ್ ಸ್ಟೋರೇಜಿನಲ್ಲಿ ಚೀಟಿ ಬರೆಯುವ ಕೆಲಸ ಹಿಡಿದೆ. ಅಲ್ಲೇ ಮದುವೆಯಾಯಿತು. ಮದುವೆಗೆ ಅಪ್ಪ ದೂರದ ನೆಂಟರ ಹಾಗೆ ಬಂದು, ಕೊನೇ ಸಾಲಿನ ಕುರ್ಚಿಯಲ್ಲಿ ಕೂತು ಎದ್ದು ಬಂದರು. ಪುಟ್ಟಿಗೆ ಏಳು ವರ್ಷ, ಅಜ್ಜನ ಮುಖ ಫೋಟೋದಲ್ಲಿ ನೋಡಿದ್ದಷ್ಟೇ. ಇದೆಲ್ಲ ಆಗುತ್ತಿದ್ದಾಗ ನಾನು ನಿನ್ನ ಬೆಂಚಿನಲ್ಲಿ ಕೂತಿದ್ದೆ. ಊರಿನವರು ನನ್ನನ್ನು ಇಂಜೆಕ್ಟರ್ ಮೇಸ್ತ್ರಿ ಅಂತ ಕರೆಯತೊಡಗಿದರು. ಹೇಳಿಬಿಡೋಣ ಅಂತ ಎಷ್ಟೋ ಸಲ ಅನಿಸಿತು, ಸುಳ್ಳಲ್ಲ. ಆದರೆ ಒಂದು ವರ್ಷ ಕಳೆದ ಮೇಲೆ ಹೇಳುವುದು ಮೊದಲ ದಿನಕ್ಕಿಂತ ಕಷ್ಟ. ಐದು ವರ್ಷ ಆದ ಮೇಲೆ, ಈಗ ಎಲ್ಲರೂ ಮರೆತಿದ್ದಾರಲ್ಲ, ಯಾಕೆ ಕೆದಕಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಯಾರೂ ಮರೆತಿರಲಿಲ್ಲ.

ಗುರುವಾರಕ್ಕೇ ಮತ್ತೆ ಬರುತ್ತೇನೆ. ಕಂಪ್ರೆಶನ್ ನಾಲ್ಕರಲ್ಲೂ ಚೆನ್ನಾಗಿತ್ತು, ಹಾಗಾದರೆ ದೋಷ ಇಂಜೆಕ್ಟರಿನದೇ. ಬಿಚ್ಚಿ ತಂದು ಕೈಪಂಪಿಗೆ ಸಿಕ್ಕಿಸಿದೆ. ನರ್ಸಮ್ಮ ಮನೆಗೆ ಹೋಗಿದ್ದರು. ಅಪ್ಪ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ಕಣ್ಣಿಗೆ ಸಿಂಪರಣೆ ಸರಿಯಾಗಿ ಕಾಣುವುದಿಲ್ಲ, ಕಿವಿಯಲ್ಲಿ ಕೇಳಿಯೇ ಹೇಳುತ್ತಾರೆ. ಚೆನ್ನಾಗಿರುವುದು ಕಪ್ಪೆ ವಟಗುಟ್ಟಿದ ಹಾಗೆ ಕರ್ ಕರ್ ಅನ್ನುತ್ತದೆ, ಕೆಟ್ಟದ್ದು ಬರೀ ಉಗುಳುತ್ತದೆ. ಒಂದು ಮತ್ತು ನಾಲ್ಕು ಉಗುಳಿದವು. ಅಪ್ಪ ಇದ್ದಕ್ಕಿದ್ದ ಹಾಗೆ ಅಂದರು: 'ಅವತ್ತು ಆ ಮೂರನೇ ನಾಜಲ್ ಮೂತಿ ಒಂದು ಕಡೆ ಚಪ್ಪಟೆ ಆಗಿತ್ತು ಕಣೋ. ಅರ್ಧ ಅಕ್ಕಿಕಾಳಷ್ಟು. ಬೆಂಚ್ ಮೇಲೆ ಕೂತ ನಾಜಲ್ ಹಾಗಾಗಲ್ಲ. ಅದು ಬಿದ್ದಿತ್ತು. ಬೀಳಿಸಿದ್ದಕ್ಕೆ ನಾನು ಅವಳಿಗೆ ಬೈಲಿಲ್ಲ. ನನ್ನ ಕೈಯಿಂದ ಎಷ್ಟು ಬಿದ್ದಿಲ್ಲ! ಬೀಳಿಸಿ, ಒರೆಸಿ, ಏನೂ ಆಗಿಲ್ಲ ಅನ್ನೋ ಹಾಗೆ ಹಾಕಿದ್ಲಲ್ಲ. ನನ್ನ ಮಗಳು ನನ್ನ ಹತ್ರ ಬಚ್ಚಿಟ್ಲಲ್ಲ. ಅದು ನಂಗೆ ತಡಿಯೋಕಾಗ್ಲಿಲ್ಲ.'

ಹನ್ನೊಂದು ವರ್ಷ ನಾನು ಅಂದುಕೊಂಡಿದ್ದೆ, ಅಪ್ಪನಿಗೆ ಕೋಪ ಬಂದಿದ್ದು ಸುಟ್ಟ ಪಿಸ್ಟನ್ನಿಗೆ, ಹೋದ ಮರ್ಯಾದೆಗೆ ಅಂತ. ಅವರು ನಿನ್ನನ್ನು ದೂರ ಮಾಡಿದ್ದು ನೀನು ಸುಳ್ಳುಗಾತಿ ಅಂತ. ಆ ಸುಳ್ಳು ಪೂರ್ತಿ ನನ್ನದು. ಕೈಪಂಪಿನ ಹಿಡಿ ಹಿಡಿದುಕೊಂಡೇ, ಅವರ ಕಡೆ ನೋಡದೆ, 'ಅಪ್ಪಾ, ಬೀಳಿಸಿದ್ದು ನಾನು' ಅಂದೆ. ಅಪ್ಪ ಕೇಳಿಸದವರ ಹಾಗೆ ಕೂತಿದ್ದರು. ಇನ್ನೊಂದು ಸಲ ಹೇಳಿದೆ. ಬಸ್ ಸ್ಟ್ಯಾಂಡಿಗೆ ಹೊರಟಿದ್ದು, ಅಂಗಿಗೆ ಒರೆಸಿದ್ದು, ಎಲ್ಲ ಹೇಳಿದೆ. ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. 'ಅವಳು ನಿನ್ನ ಕೇಳಿದ್ಲಾ?' ಕೇಳಿದ್ಲು ಅಂದೆ. 'ನೀನೇನಂದೆ?' ಇಲ್ಲ ಅಂದೆ ಅಂದೆ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಪ್ಪ ಎದ್ದು, ಗೋಡೆ ಹಿಡಿದುಕೊಂಡು, ಒಬ್ಬರೇ ಮನೆಗೆ ಹೊರಟುಹೋದರು. ಹಿಂದೆ ಹೋದೆ, ಕೈ ಬೀಸಿ ನಿಲ್ಲಿಸಿದರು. ಅವತ್ತು ಊಟ ಮಾಡಲಿಲ್ಲವಂತೆ. ಅಮ್ಮ ಕೇಳಿದ್ದಕ್ಕೆ ಅವರೇ ಎಲ್ಲ ಹೇಳಿದ್ದಾರೆ. ಅಮ್ಮ ಎರಡು ದಿನ ನನ್ನ ತಟ್ಟೆಗೆ ಬಡಿಸಿದಳು, ಮಾತಾಡಿಸಲಿಲ್ಲ.

ಮಾರನೆಯ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗ್ಯಾರೇಜಿಗೆ ಬಂದರು. 'ನಡಿ' ಅಂದರು. ಎಲ್ಲಿಗೆ ಅಂತ ಕೇಳುವ ಧೈರ್ಯ ಆಗಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡು ಮೊದಲು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಕೌಂಟರಿನ ಮುಂದೆ ನಿಂತು, 'ಹನ್ನೊಂದು ವರ್ಷದ ಹಿಂದೆ ನಿಮ್ಮ ಮುಂದೆ ನನ್ನ ಮಗಳಿಗೆ ಒಂದು ಮಾತು ಅಂದಿದ್ದೆ. ತಪ್ಪು ಅವಳದಲ್ಲ, ಇವನದು. ವಿಚಾರಿಸದೆ ಅಂದದ್ದು ನನ್ನದು' ಅಂದರು. ಅಂಗಡಿಯವರು ನೀರು ಕೊಡಿಸಿದರು. ಆಮೇಲೆ ಟೈರ್ ಅಂಗಡಿ. ಅವರಿಗೆ ನೆನಪೇ ಇಲ್ಲ. 'ಯಾವ ಕಾರು? ಯಾವ ನಾಜಲ್? ಬಿಡಿ ಯಜಮಾನ್ರೇ, ಹಳೇದು' ಅಂದರು. ಅಪ್ಪ ಬಿಡಲಿಲ್ಲ. ಮೊದಲಿಂದ ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದರು, ಗಾಳಿ ಹಿಡಿಸಿಕೊಳ್ಳಲು ಬಂದಿದ್ದ ಸೈಕಲ್ಲಿನವರೂ ನಿಂತು ಕೇಳಿದರು. ಲೇತ್‌ನವರು ಮಾತ್ರ ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದು, 'ನಂಗೆ ಅವತ್ತೇ ಅನುಮಾನ. ಆ ಹುಡುಗಿ ನೆಲಕ್ಕೆ ಬಿದ್ದ ವಾಷರನ್ನೂ ತೊಳೆಯದೆ ಹಾಕ್ತಿರಲಿಲ್ಲ' ಅಂದು ನನ್ನ ಕಡೆ ನೋಡಿದರು. ನಾನು ನೆಲ ನೋಡಿಕೊಂಡು ನಿಂತೆ. ನೀನು ಅಷ್ಟೂ ಜನರ ಮುಂದೆ ತಲೆ ಎತ್ತಿಕೊಂಡೇ ನಿಂತಿದ್ದೆ ಅನ್ನುವುದು ಆಗ ನೆನಪಾಯಿತು.

ನರ್ಸಮ್ಮನಿಗೆ ಮಾತ್ರ ನಾನೇ ಹೇಳಬೇಕು ಅಂತ ಅಪ್ಪ ಅಂದರು. ಒಂದಕ್ಕೂ ನಾಲ್ಕಕ್ಕೂ ಹೊಸ ನಾಜಲ್, ನಾಲ್ಕಕ್ಕೂ ಹೊಸ ತಾಮ್ರದ ವಾಷರ್ ಹಾಕಿ, ಪೈಪಿನ ಗಾಳಿ ತೆಗೆದು, ಒಂದೊಂದನ್ನೂ ಎರಡೆರಡು ಸಲ ಪರೀಕ್ಷೆ ಮಾಡಿ ಸೋಮವಾರ ಕಾರು ಕೊಟ್ಟೆ. ಅರ್ಧ ಸೆಲ್ಫಿಗೇ ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ಅವರು ಖುಷಿಯಾಗಿ ಸ್ಟೇರಿಂಗ್ ತಟ್ಟುತ್ತಿದ್ದಾಗ ಕಿಟಕಿಯ ಹತ್ತಿರ ಬಗ್ಗಿ ಹೇಳಿದೆ. ಅವರು ಇಂಜಿನ್ ಬಂದ್ ಮಾಡಿದರು. 'ಆವತ್ತು ಆರು ಕಿಲೋಮೀಟರೂ ನಿಮ್ಮಕ್ಕನಿಗೆ ಶಾಪ ಹಾಕ್ತಾ ನಡೆದೆ ಕಣಪ್ಪ. ಆಸ್ಪತ್ರೆಗೆ ಬಂದವರಿಗೆಲ್ಲ ಅವಳ ಕೈಗೆ ಗಾಡಿ ಕೊಡಬೇಡಿ ಅಂತ ಹೇಳಿದೀನಿ. ಆ ಬೈಗುಳ ಎಲ್ಲ ಅವಳಿಂದ ವಾಪಸ್ ತಗೊಂಡಿದೀನಿ, ಹಾಗಂತ ಬರಿ. ನಿನಗೆ ಕೊಡ್ಲಾ ಬೇಡ್ವಾ ಅಂತ ಯೋಚನೆ ಮಾಡ್ತೀನಿ' ಅಂದು ಹೊರಟುಹೋದರು. ಬರೆದಿದ್ದೇನೆ.

ಹೋದ ತಿಂಗಳು ನೀನು ಅಮ್ಮನಿಗೆ ಹೇಳಿದ್ದೆಯಂತೆ, ಕೋಲ್ಡ್ ಸ್ಟೋರೇಜಿನ ಜನರೇಟರ್ ಕೆಟ್ಟು ಮೂರು ದಿನ ಮೂರು ಜನ ಬಿಚ್ಚಿ ಕಟ್ಟಿದರು, ಎರಡನೇ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನಿನಗೆ ಕುರ್ಚಿಯಲ್ಲಿ ಕೂತೇ ಕೇಳಿಸುತ್ತಿತ್ತು, ಆದರೆ ಎದ್ದು ಹೋಗಿ ಹೇಳಲಿಲ್ಲ ಅಂತ. ಅಮ್ಮ ಅದನ್ನು ತಮಾಷೆಯ ಹಾಗೆ ಹೇಳಿದಳು. ಅಪ್ಪ ನಗಲಿಲ್ಲ. ನಾನು ತಟ್ಟೆ ಬಿಟ್ಟು ಎದ್ದೆ. ನಿನ್ನ ಕೈಯ ಕೆಲಸವನ್ನು ಕಿತ್ತುಕೊಂಡೆ ಅಂತ ಗೊತ್ತಿತ್ತು, ಬಾಯಿಯನ್ನೂ ಕಟ್ಟಿದ್ದೇನೆ ಅಂತ ಗೊತ್ತಿರಲಿಲ್ಲ. ವಾಪಸ್ ಬಾ ಅಂತ ಕೇಳುವ ಮುಖ ನನಗಿಲ್ಲ. ಕ್ಷಮಿಸು ಅಂತ ಕೇಳಿ, ನೀನು 'ಹೋಗಲಿ ಬಿಡೋ' ಅಂದುಬಿಟ್ಟರೆ ಅದಕ್ಕಿಂತ ಭಯ. ಅಷ್ಟು ಸುಲಭವಾಗಿ ಬಿಡಬೇಡ ಅಕ್ಕಾ. ಬೈಯಬೇಕು ಅನಿಸಿದರೆ ಬೈ, ವರ್ಷಗಟ್ಟಲೆ ಮಾತು ಬಿಡಬೇಕು ಅನಿಸಿದರೆ ಬಿಡು. ಈ ಕಾಗದವನ್ನು ಭಾವನವರಿಗೂ ಓದಿ ಹೇಳು, ಅವರು ನಿನ್ನ ಬಗ್ಗೆ ಯಾರ ಬಾಯಲ್ಲಿ ಏನು ಕೇಳಿದ್ದಾರೋ ನನಗೆ ತಿಳಿಯದು.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಮಾವನ ಮುತ್ತುಗಳು, ಹಲ್ಲು ಬರುವವರೆಗೆ ಗಟ್ಟಿ ತಿಂಡಿ ಕೊಡಬೇಡ. ನೀನು ಆರೋಗ್ಯ ನೋಡಿಕೋ.

ನಿನ್ನ ತಮ್ಮ

ಮರೆಯುವ ಮೊದಲು: ಬರುವ ಗುರುವಾರ ಬೆಳಗಿನ ಬಸ್ಸಿಗೆ ಅಪ್ಪ ನಿನ್ನ ಹತ್ತಿರ ಹೊರಟಿದ್ದಾರೆ. ನಿನಗೆ ತಿಳಿಸಬೇಡ ಅಂದಿದ್ದಾರೆ, ತಿಳಿಸಿದರೆ ನೀನು ಬೇಡ ಅನ್ನುತ್ತೀಯ ಅನ್ನುವ ಹೆದರಿಕೆ. ನಾನೂ ಜೊತೆಗೆ ಬರುತ್ತೇನೆ ಅಂದದ್ದಕ್ಕೆ, 'ನೀನು ನಿನ್ನ ಕಾಲ ಮೇಲೆ ಬೇರೆ ಹೋಗು, ನನ್ನ ಬೆನ್ನ ಹಿಂದೆ ಅವಿತುಕೊಂಡು ಬರಬೇಡ' ಅಂದರು. ಬಸ್ ಹನ್ನೊಂದೂವರೆಗೆ ಅಲ್ಲಿ ಸೇರುತ್ತದೆ. ಬಲಗಣ್ಣು ಕಾಣುವುದಿಲ್ಲ, ನಿನ್ನ ಮನೆ ಅವರಿಗೆ ಗೊತ್ತಿಲ್ಲ, ಯಾರನ್ನೂ ದಾರಿ ಕೇಳುವವರಲ್ಲ. ದಯವಿಟ್ಟು ನೀನೇ ಬಸ್ ಸ್ಟ್ಯಾಂಡಿಗೆ ಬಾ. ನಾಲ್ಕು ದಿನದಿಂದ ಹಿತ್ತಲಲ್ಲಿ ಒಬ್ಬರೇ ನಿಂತು ಒಂದು ಮಾತನ್ನು ಅಭ್ಯಾಸ ಮಾಡುತ್ತಿದ್ದಾರೆ, ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಲ್ಲೂ ನಿಲ್ಲಬಹುದು. ಪಾಪ ಅಂತ ನೀನು ಅದನ್ನು ತುಂಬಿಕೊಡಬೇಡ. ಎಷ್ಟು ಹೊತ್ತಾದರೂ ಸರಿ, ಅವರೇ ಪೂರ್ತಿ ಹೇಳಲಿ.